ಯಾವ ಊರಿನ ಟೋನಿ?

ನಮ್ಮ ಕಡೆಯ ಒಕ್ಕಲು ಮನೆಗಳಿಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುವುದುಂಟು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಅಂಗಳಕ್ಕೆ ಬಂದು, ಮನೆಯ ಹಿರಿಯನ ಹೆಸರು ಹಿಡಿದು ಅವನ ಅಪ್ಪ, ಅಜ್ಜ, ಮುತ್ತಜ್ಜ ಎಂದು ಏರುತ್ತಾ ಹೋಗುತ್ತಾರೆ. ಯಾವ ಬರಗಾಲದಲ್ಲಿ ಯಾವ ಊರು ಬಿಟ್ಟು ಬಂದರು, ಎಲ್ಲಿ ಬಾವಿ ತೋಡಿದರು ಎಂಬುದೆಲ್ಲ ಅವರ ಬಾಯಲ್ಲಿರುತ್ತದೆ. ನನ್ನ ತವರಿನಲ್ಲಿ ಒಮ್ಮೆ, ಆ ಮುತ್ತಜ್ಜನ ಹೆಂಡತಿ ಯಾವ ಊರಿನವಳು ಎಂದು ನಾನು ಕೇಳಿದೆ. ಹೆಳವ ನಕ್ಕು, ತಾಯಿ, ಅದು ಅವರ ತವರಿನ ಹೆಳವನನ್ನು ಕೇಳಬೇಕಾದ ಮಾತು ಎಂದ. ಉತ್ತರ ಜಾಣತನದ್ದೇ.

ಅಮೆರಿಕದಲ್ಲಿ ಹೆಳವರಿಲ್ಲ. ಅಲ್ಲಿ ವಂಶದ ಮೂಲ ಹುಡುಕುವವರು ಕಾಗದವನ್ನೇ ನಂಬಬೇಕು. ಹಡಗಿನ ಪಟ್ಟಿ, ಭೂಮಿಯ ಪಟ್ಟೆ, ಉಯಿಲು, ಚರ್ಚಿನ ಮದುವೆ ಪುಸ್ತಕ, ನ್ಯಾಯಾಲಯದ ದಿನಚರಿ. ಅಲ್ಲಿ ಈ ಹುಡುಕಾಟ ಒಂದು ದೊಡ್ಡ ಹವ್ಯಾಸ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದವರ ಸಂತತಿ ತಾವೆಂದು ತೋರಿಸಿಕೊಳ್ಳುವವರಿಗೆ ಒಂದು ಸಂಘವೇ ಇದೆ. ಹೀಗೆ ಹಿಂದಕ್ಕೆ ಹೋಗುತ್ತ ಹೋಗುತ್ತ ಹೆಚ್ಚಿನವರು ಸಮುದ್ರದ ದಡಕ್ಕೆ ಬಂದು ನಿಲ್ಲುತ್ತಾರೆ. ಇಳಿದವನ ಹೆಸರು ಸಿಗುತ್ತದೆ, ಹತ್ತಿದ ಊರು ಸಿಗುವುದಿಲ್ಲ.

ನನ್ನ ಅಕ್ಕನ ಮಗ ಆ ದೇಶದ ವರ್ಜೀನಿಯಾ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ಅವನ ಕಚೇರಿಯಲ್ಲಿ ಒಬ್ಬ ಕಪ್ಪು ಜನಾಂಗದ ಹಿರಿಯರು, ನಮ್ಮ ವಂಶದಲ್ಲೂ ನಿಮ್ಮ ದೇಶದವನೊಬ್ಬ ಇದ್ದನೆಂದು ಅಜ್ಜಿ ಹೇಳುತ್ತಿದ್ದಳು ಎಂದರಂತೆ. ಇವನು ಅದನ್ನು ತಮಾಷೆ ಎಂದುಕೊಂಡ. ಆಮೇಲೆ ಅವರು ಒಂದು ಪುಸ್ತಕ ತೋರಿಸಿದರು. ಮುಂದಿನ ಬೇಸಿಗೆಯಲ್ಲಿ ಊರಿಗೆ ಬರುವಾಗ ಅದನ್ನು ನನಗಾಗಿ ಹೊತ್ತು ತಂದ. ಚರಿತ್ರೆಯ ಪಾಠ ಹೇಳಿ ಮೂವತ್ತು ವರ್ಷವಾಗುತ್ತ ಬಂದ ನನಗೆ ಅಮೆರಿಕದ ಭಾರತೀಯರೆಂದರೆ ವೈದ್ಯರು, ಎಂಜಿನಿಯರುಗಳು, ಅವರಿಗಿಂತ ಹಿಂದೆ ಹೋದರೆ ಕ್ಯಾಲಿಫೋರ್ನಿಯಾದ ಹೊಲಗಳಿಗೆ ಹೋದ ಪಂಜಾಬಿನ ರೈತರು, ಅಷ್ಟೇ. ಆ ಪುಸ್ತಕ ನನ್ನನ್ನು 1635ಕ್ಕೆ ಕರೆದೊಯ್ದಿತು. ಆಗ ಇಲ್ಲಿ ಷಾಹಜಹಾನ್ ದಿಲ್ಲಿಯ ದೊರೆ. ಮದರಾಸು ಎಂಬ ಕೋಟೆ ಇನ್ನೂ ಎದ್ದಿರಲಿಲ್ಲ.

ಆ ವರ್ಷ ವರ್ಜೀನಿಯಾದಲ್ಲಿ ಜಾರ್ಜ್ ಮೆನೆಫಿ ಎಂಬ ಶ್ರೀಮಂತ ವ್ಯಾಪಾರಿ ಸರ್ಕಾರದಿಂದ ಭೂಮಿ ಪಡೆದ. ಅಲ್ಲಿನ ಕಾನೂನು ಹೀಗಿತ್ತು: ಸಮುದ್ರ ದಾಟಿಸಿ ಒಬ್ಬ ಮನುಷ್ಯನನ್ನು ತಂದವನಿಗೆ ತಲೆಗೆ 50 ಎಕರೆ. ತಂಬಾಕಿನ ಬೇಸಾಯಕ್ಕೆ ಆಳು ಬೇಕು, ಆಳಿನ ಪ್ರಯಾಣದ ಖರ್ಚು ಯಾರಾದರೂ ಕೊಡಬೇಕು, ಕೊಟ್ಟವನಿಗೆ ಭೂಮಿ. ಆದ್ದರಿಂದ ಪಟ್ಟೆ ಬೇಡುವಾಗ ತಂದವರ ಹೆಸರಿನ ಪಟ್ಟಿಯನ್ನೂ ಕೊಡಬೇಕಿತ್ತು. ಮೆನೆಫಿಯ ಪಟ್ಟಿಯಲ್ಲಿ ಒಂದು ಹೆಸರು ಟೋನಿ. ಅದರ ಮುಂದೆ ‘ಈಸ್ಟ್ ಇಂಡಿಯನ್’ ಎಂದು ಬರೆದಿದೆ. ಅಮೆರಿಕದ ನೆಲದಲ್ಲಿ ನಮ್ಮ ಕಡೆಯ ಮನುಷ್ಯನೊಬ್ಬನ ಬಗ್ಗೆ ಈವರೆಗೆ ತಿಳಿದಿರುವ ಮೊದಲ ಬರಹ ಇದೇ. ವಯಸ್ಸಿಲ್ಲ, ತಂದೆಯ ಹೆಸರಿಲ್ಲ, ಊರಿಲ್ಲ. 50 ಎಕರೆಯ ಲೆಕ್ಕಕ್ಕೆ ಅವು ಯಾವುವೂ ಬೇಕಿರಲಿಲ್ಲ.

ಅಷ್ಟು ಹಿಂದೆ, ಅಷ್ಟು ದೂರಕ್ಕೆ ಒಬ್ಬ ಹೇಗೆ ಹೋದ ಎಂದು ಓದುಗರಿಗೆ ಅನ್ನಿಸಬಹುದು. ಈ ಕೊಂಡಿ ಲಂಡನ್ನಿನಲ್ಲಿದೆ. ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಸರ್ ಥಾಮಸ್ ಸ್ಮೈತ್ ಎಂಬಾತನೇ ವರ್ಜೀನಿಯಾ ಕಂಪನಿಯ ಖಜಾಂಚಿಯೂ ಆಗಿದ್ದ. ಮೆಣಸಿಗೂ ತಂಬಾಕಿಗೂ ಹಣ ಹಾಕುತ್ತಿದ್ದವರು ಬಹುಮಟ್ಟಿಗೆ ಅದೇ ಜನ, ಹಡಗುಗಳು ನಿಲ್ಲುತ್ತಿದ್ದುದು ಅದೇ ಥೇಮ್ಸ್ ನದಿಯಲ್ಲಿ. ಕಂಪನಿಯ ಹಡಗಿನ ಪಾದ್ರಿ ಪ್ಯಾಟ್ರಿಕ್ ಕಾಪ್ಲೆಂಡ್ ಎಂಬವನು 1614ರಲ್ಲಿ ಬಂಗಾಳ ಕೊಲ್ಲಿಯ ಕರಾವಳಿಯ ಹುಡುಗನೊಬ್ಬನನ್ನು ಲಂಡನ್ನಿಗೆ ಕರೆದೊಯ್ದ. 1616ರ ಡಿಸೆಂಬರಿನಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ಪೀಟರ್ ಎಂಬ ಹೆಸರನ್ನು ಆರಿಸಿದವನು ಸ್ವತಃ ದೊರೆ ಒಂದನೆಯ ಜೇಮ್ಸ್. ಹುಡುಗ ಲ್ಯಾಟಿನ್ ಕಲಿತು ಆ ಭಾಷೆಯಲ್ಲಿ ಪತ್ರ ಬರೆಯುವಷ್ಟಾದ. ಅವನ ತಾಯಿ ಇಟ್ಟ ಹೆಸರು ಮಾತ್ರ ಯಾವ ಕಾಗದಕ್ಕೂ ಏರಲಿಲ್ಲ. ಇದೇ ಕಾಪ್ಲೆಂಡ್ 1621ರಲ್ಲಿ ಭಾರತದಿಂದ ಮರಳುತ್ತಿದ್ದ ‘ರಾಯಲ್ ಜೇಮ್ಸ್’ ಹಡಗಿನ ನಾವಿಕರಿಂದ ಚಂದಾ ಎತ್ತಿ, ವರ್ಜೀನಿಯಾದಲ್ಲಿ ಒಂದು ಶಾಲೆ ಕಟ್ಟಿಸಲು 70 ಪೌಂಡಿಗೂ ಮೀರಿ ಹಣ ಕೂಡಿಸಿದ. ಹಣ ಕೊಟ್ಟವರ ನೆನಪಿಗೆ ಅದರ ಹೆಸರು ‘ಈಸ್ಟ್ ಇಂಡಿಯಾ ಸ್ಕೂಲ್’ ಎಂದು ತೀರ್ಮಾನವಾಗಿತ್ತು. ಮರುವರ್ಷ ಅಲ್ಲಿನ ಮೂಲನಿವಾಸಿಗಳು ದಂಗೆಯೆದ್ದು, ಶಾಲೆ ಏಳಲಿಲ್ಲ. ಶಾಲೆ ಕಾಣದಿದ್ದರೂ ಆ ಹೆಸರು ಓದಿದಾಗ ಉಪಾಧ್ಯಾಯಿನಿಯಾದ ನನಗೆ ಏನೋ ಒಂದು ಬಗೆಯಾಯಿತು.

ಟೋನಿಯ ವಿಷಯಕ್ಕೆ ಬರೋಣ. ಯಾವ ಊರಿನವನು ಅವನು? ಆ ಕಾಲದ ಇಂಗ್ಲಿಷರ ಬಾಯಲ್ಲಿ ಈಸ್ಟ್ ಇಂಡೀಸ್ ಎಂದರೆ ಗುಜರಾತಿನಿಂದ ಹಿಡಿದು ಜಾವಾ, ಮಲಕ್ಕದವರೆಗಿನ ಎಲ್ಲವೂ. ಟೋನಿ ಎಂಬುದು ಅಂತೋನಿ ಎಂಬುದರ ಮೊಟಕು. ಪೋರ್ಚುಗೀಸರ ನೆರಳಿನಲ್ಲಿ ಅಂತೋನಿಗಳು ಗೋವೆಯಲ್ಲಿದ್ದರು, ಕೊಚ್ಚಿಯಲ್ಲಿದ್ದರು, ನಾಗಪಟ್ಟಣದಲ್ಲಿದ್ದರು. ನಮ್ಮ ಮಂಗಳೂರು, ಬಸರೂರು, ಹೊನ್ನಾವರಗಳಲ್ಲೂ ಆಗ ಪೋರ್ಚುಗೀಸರ ಕೋಟೆಗಳು ಎದ್ದಿದ್ದವು. ಹೀಗಾಗಿ ಅವನು ನಮ್ಮ ಕರಾವಳಿಯವನೇ ಏಕಾಗಬಾರದು ಎಂಬ ಆಸೆ ಕನ್ನಡದವಳಾದ ನನಗೆ ಬಾರದೆ ಇರಲಿಲ್ಲ. ಆಸೆ ಬಂದಷ್ಟೇ ಬೇಗ ಅದನ್ನು ಮಡಿಸಿಟ್ಟೆ. ಅವನ ಒಡೆಯನೇ ಅಂತೋನಿ ಎಂದು ಕರೆದಿರಬಹುದಲ್ಲ. ನಮ್ಮ ಮನೆಗಳಲ್ಲೇ ಆಳಿನ ಹೆಸರು ಬಾಯಿಗೆ ಹತ್ತದಿದ್ದರೆ ಬೇರೆ ಹೆಸರಿಟ್ಟು ಕೂಗುತ್ತಿದ್ದುದನ್ನು ಕಂಡಿದ್ದೇವೆ. ಬೃಂದಾ ಚಾರಿ ಎಂಬ ಲೇಖಕಿ 2023ರಲ್ಲಿ ಇವನ ಮೇಲೆ ‘ದಿ ಈಸ್ಟ್ ಇಂಡಿಯನ್’ ಎಂಬ ಕಾದಂಬರಿಯನ್ನೇ ಬರೆದು, ಅವನನ್ನು ಕೋರಮಂಡಲದ ತೀರದಲ್ಲಿ ಹುಟ್ಟಿಸಿದ್ದಾರೆ. ಕಾದಂಬರಿಕಾರರಿಗೆ ಆ ಸ್ವಾತಂತ್ರ್ಯವಿದೆ. ವಂಶವೃಕ್ಷ ಬರೆಯುವವರಿಗಿಲ್ಲ. ಆದರೂ ಅಮೆರಿಕದಲ್ಲಿ ಹಣ ಪಡೆದು, ಬೇಕಾದ ರಾಜನಿಗೆ ಬೇಕಾದವರನ್ನು ಗಂಟುಹಾಕಿ ಕೊಟ್ಟ ವಂಶಾವಳಿಗಾರರು ಆಗಿಹೋಗಿದ್ದಾರೆ. ನಮ್ಮ ಪಾಳೆಯಗಾರರ ಕೈಫಿಯತ್ತುಗಳನ್ನು ಓದಿದವರಿಗೆ ಇದೇನೂ ಹೊಸದಲ್ಲ.

ದಾಖಲೆ ಎಂಬುದರ ಗುಣವೇ ಹಾಗೆ. ಯಾವ ಕೆಲಸಕ್ಕೆ ಬರೆದರೋ ಆ ಕೆಲಸಕ್ಕೆ ಬೇಕಾದದ್ದಷ್ಟೇ ಅದರಲ್ಲಿರುತ್ತದೆ. ಶಾಲೆಯ ದಾಖಲಾತಿ ಪುಸ್ತಕ ನೋಡಿ. ನಮ್ಮ ಹಳ್ಳಿಗಳಲ್ಲಿ ಒಂದು ತಲೆಮಾರಿನ ಅರ್ಧ ಜನ ಜೂನ್ 1ರಂದೇ ಹುಟ್ಟಿದ್ದಾರೆ. ಆಗ ಬೇಕಿದ್ದುದು ಮಗುವಿಗೆ ಒಂದನೇ ತರಗತಿಗೆ ಸೇರುವ ವಯಸ್ಸಾಗಿದೆ ಎಂಬ ಒಂದೇ ಮಾತು, ಮಾಸ್ತರು ಅದಕ್ಕೆ ತಕ್ಕ ತಾರೀಖು ಬರೆದರು. ಮುಂದೆ ಯಾರಾದರೂ ಆ ಪುಸ್ತಕದಿಂದ ಜಾತಕ ಬರೆಸಲು ಹೊರಟರೆ ಪುಸ್ತಕವನ್ನು ಬೈದು ಫಲವಿಲ್ಲ.

ವರ್ಜೀನಿಯಾದಲ್ಲಿ ಆ ಕಾಗದಗಳೂ ಉಳಿಯಲಿಲ್ಲ. ಅಮೆರಿಕದ ಅಂತರ್ಯುದ್ಧದ ಕೊನೆಗೆ, 1865ರ ಏಪ್ರಿಲಿನಲ್ಲಿ, ರಿಚ್ಮಂಡ್ ನಗರ ಬೆಂಕಿಗೆ ಸಿಕ್ಕಿತು. ಯುದ್ಧಕ್ಕೆ ಹೆದರಿ ಹಲವು ಕೌಂಟಿಗಳು, ಅಂದರೆ ಜಿಲ್ಲೆಗಳು, ತಮ್ಮ ದಫ್ತರಗಳನ್ನು ಭದ್ರವಾಗಿರಲಿ ಎಂದು ಅದೇ ನಗರಕ್ಕೆ ಸಾಗಿಸಿದ್ದವು. ಜೇಮ್ಸ್‌ಟೌನ್ ಸೇರಿದ್ದ ಜೇಮ್ಸ್ ಸಿಟಿ ಕೌಂಟಿಯ ಹಳೆಯ ಪುಸ್ತಕಗಳು ಹೀಗೆ ಬೂದಿಯಾದವು. ಉಳಿದದ್ದು ಭೂಮಿಯ ಪಟ್ಟೆಗಳು. ಭೂಮಿಯ ಕಾಗದವನ್ನು ಯಾವ ದೇಶದವರೂ ಜೋಪಾನ ಮಾಡುತ್ತಾರೆ. ನೆಲ್ ಮೇರಿಯನ್ ನ್ಯೂಜೆಂಟ್ ಎಂಬ ಹೆಣ್ಣುಮಗಳು ಆ ಪಟ್ಟೆಗಳನ್ನು ಒಂದೊಂದಾಗಿ ಓದಿ, ಹೆಸರುಗಳನ್ನೆಲ್ಲ ಎತ್ತಿ 1934ರಲ್ಲಿ ಅಚ್ಚು ಹಾಕಿಸಿದಳು. ಟೋನಿಯಂಥವರು ಜನರ ಕಣ್ಣಿಗೆ ಬೀಳಲು ಆಕೆಯ ದುಡಿಮೆಯೇ ಕಾರಣ. ನನ್ನ ಕೈಗೆ ಬಂದ ಪುಸ್ತಕ ಪಾಲ್ ಹೈನೆಗ್ ಎಂಬವರದು. ವೃತ್ತಿಯಿಂದ ಎಂಜಿನಿಯರು. ಹೆಂಡತಿಯ ಮನೆತನದ ಮೂಲ ಹುಡುಕಹೊರಟವರು ಅಲ್ಲಿಗೆ ನಿಲ್ಲದೆ, ಗುಲಾಮಗಿರಿಯ ಕಾಲದಲ್ಲೇ ಸ್ವತಂತ್ರರಾಗಿದ್ದ ನೂರಾರು ಕಪ್ಪು ಕುಟುಂಬಗಳ ಜಾಡನ್ನು ಕೌಂಟಿ ನ್ಯಾಯಾಲಯಗಳ ಪುಸ್ತಕಗಳಿಂದ ಹೆಕ್ಕಿದರು. ಆ ರಾಶಿಯಲ್ಲಿ ಅಲ್ಲೊಂದು ಇಲ್ಲೊಂದು ಎಂಬಂತೆ ‘ಈಸ್ಟ್ ಇಂಡಿಯಾ ಇಂಡಿಯನ್’ ಎಂಬ ಪದ ಹಣಕುತ್ತದೆ.

ಇಂಡಿಯಾ ಇಂಡಿಯನ್ ಎಂದು ಎರಡು ಸಲ ಏಕೆ ಹೇಳಬೇಕಾಯಿತೆಂದರೆ, 1492ರಲ್ಲಿ ಕೊಲಂಬಸ್ ಮಾಡಿದ ಎಡವಟ್ಟಿನಿಂದ ಬರಿಯ ಇಂಡಿಯನ್ ಎಂಬ ಹೆಸರು ಅಲ್ಲಿನ ಮೂಲನಿವಾಸಿಗಳಿಗೆ ಸಂದುಹೋಗಿತ್ತು. ಸೋಮಾರಿ ಗುಮಾಸ್ತನೊಬ್ಬ ಮೊದಲ ಪದ ಬಿಟ್ಟರೆ ಸಾಕು, ನಮ್ಮವನು ಚೆರೋಕಿಯೋ ಪೌಹಾಟನ್ನನೋ ಆಗಿಬಿಡುತ್ತಿದ್ದ.

ಬೆಂಕಿಗೆ ಸಿಗದೆ ಉಳಿದ ಪುಸ್ತಕಗಳಲ್ಲಿ ರಿಚ್ಮಂಡ್ ಕೌಂಟಿಯವು ಸೇರಿವೆ. ಹೆಸರು ಒಂದೇ ಆದರೂ ಇದು ಆ ಸುಟ್ಟ ನಗರವಲ್ಲ, ಉತ್ತರದ ಬೇರೆ ಜಿಲ್ಲೆ. 18ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅಲ್ಲಿನ ನ್ಯಾಯಾಲಯಕ್ಕೆ ಇಬ್ಬರು ಈಸ್ಟ್ ಇಂಡಿಯಾ ಆಳುಗಳು ಬಿಡುಗಡೆ ಬೇಡಿ ಬಂದರು. ಒಬ್ಬನ ಹೆಸರನ್ನು ಗುಮಾಸ್ತ ಸೆಂಬೋ ಎಂದು ಬರೆದಿದ್ದಾನೆ, ಇನ್ನೊಬ್ಬನದು ಮೂಟಾ. ಈ ಎರಡು ಹೆಸರಿನ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ಶಂಭು? ಮುತ್ತು? ನಮ್ಮ ಕಿವಿಗೆ ಬೇರೆ ಏನು ತಾನೆ ಕೇಳಿಸೀತು? ಟೋನಿ, ಪೀಟರ್‌ಗಳ ನಡುವೆ ಇವು ಬ್ಯಾಪ್ಟಿಸಂ ತಗುಲದ ಹೆಸರುಗಳು. ಆದರೆ ಸ್ಯಾಂಬೋ ಎಂಬುದು ಆಫ್ರಿಕದಿಂದ ತಂದ ಗುಲಾಮರಲ್ಲಿ ಸಾಮಾನ್ಯವಾಗಿದ್ದ ಹೆಸರು. ಒಡೆಯನು ಆ ಹೆಸರನ್ನೇ ಇವನಿಗೂ ಅಂಟಿಸಿದ್ದರೆ ನನ್ನ ಶಂಭು ಅಲ್ಲಿಗೆ ಹೋದ. ಮೂಟಾ ಎಂಬುದಕ್ಕೆ ಅಂಥ ಬೇರೆ ಜಾಡು ನನಗೆ ಕಾಣಿಸಿಲ್ಲವಾದ್ದರಿಂದ ಮುತ್ತುವಿನ ಮೇಲೆ ಮಾತ್ರ ಸ್ವಲ್ಪ ಭರವಸೆ ಇಟ್ಟುಕೊಂಡಿದ್ದೇನೆ.

ಇನ್ನೊಂದು ಬಗೆಯ ದಾಖಲೆ ಪತ್ರಿಕೆಯ ಜಾಹೀರಾತು. ‘ವರ್ಜೀನಿಯಾ ಗೆಜೆಟ್’ ಪತ್ರಿಕೆಯಲ್ಲಿ ಓಡಿಹೋದ ಆಳುಗಳ ಚಹರೆ ಕೊಟ್ಟು ಹುಡುಕುತ್ತಿದ್ದರು. 1768ರಲ್ಲಿ ಓಡಿಹೋದ ಥಾಮಸ್ ಗ್ರೀನಿಚ್ ಎಂಬ ಈಸ್ಟ್ ಇಂಡಿಯಾದವನ ಎತ್ತರ 5 ಅಡಿ 4 ಅಂಗುಲ, ಉದ್ದನೆಯ ಕಪ್ಪು ಕೂದಲು, ಸಣಕಲು ಮುಖ, ಬಹಳ ಚಂದದ ಬಿಳಿಯ ಹಲ್ಲು. ಹಿಡಿದುಕೊಟ್ಟವರಿಗೆ 40 ಶಿಲ್ಲಿಂಗ್ ಇನಾಮು. ಗ್ರೀನಿಚ್ ಎಂಬುದು ಥೇಮ್ಸ್ ದಡದ ಊರು, ಅವನ ಹೆಸರು ಅಲ್ಲಿಂದ ಬಂದದ್ದೆಂದು ಊಹಿಸುವುದು ಕಷ್ಟವಲ್ಲ. 1776ರ ಜುಲೈನಲ್ಲಿ, ಅಮೆರಿಕ ಸ್ವಾತಂತ್ರ್ಯ ಘೋಷಿಸಿದ ಅದೇ ತಿಂಗಳು, ಜಾನ್ ನ್ಯೂಟನ್ ಎಂಬ ಇನ್ನೊಬ್ಬ ಓಡಿದ. ಹುಟ್ಟಿನಿಂದ ಏಷ್ಯಾದ ಇಂಡಿಯನ್, ವಯಸ್ಸು ಸುಮಾರು 20, ವರ್ಜೀನಿಯಾಕ್ಕೆ ಬಂದು ಒಂದು ವರ್ಷ, ಅದಕ್ಕೆ ಮೊದಲು 10 ವರ್ಷ ಇಂಗ್ಲೆಂಡಿನಲ್ಲಿ ಸರ್ ಚಾರ್ಲ್ಸ್ ವಿಟ್‌ವರ್ತ್‌ನ ಮನೆಯಲ್ಲಿ ಚಾಕರಿ, ಕ್ಷೌರದ ಕೆಲಸ ಬಲ್ಲ ಎಂದು ಒಡೆಯ ಬರೆಸಿದ್ದಾನೆ. ಲೆಕ್ಕ ಹಾಕಿ ನೋಡಿದೆ. ಊರು ಬಿಟ್ಟಾಗ ಆ ಹುಡುಗನಿಗೆ ಒಂಬತ್ತು ವರ್ಷ. ನಮ್ಮ ನಾಲ್ಕನೇ ತರಗತಿಯ ಮಕ್ಕಳ ವಯಸ್ಸು. ಅಷ್ಟು ಹೊತ್ತಿಗೆ ತನ್ನ ಊರಿನ ಹೆಸರು, ತಾಯಿಯ ಮಾತು ಅವನಿಗೆ ಚೆನ್ನಾಗಿಯೇ ಗೊತ್ತಿದ್ದಿರಬೇಕು. ಕೇಳಿದವರು ಯಾರು?

ಚರಿತ್ರೆಯ ಪುಸ್ತಕಗಳಲ್ಲಿ ಬಹುಕಾಲ ಅಮೆರಿಕಕ್ಕೆ ಹೋದ ಮೊದಲ ಭಾರತೀಯನೆಂದು ಬರೆಯುತ್ತಿದ್ದುದು 1790ರ ಡಿಸೆಂಬರಿನಲ್ಲಿ ಸೇಲಂ ಬಂದರಿನ ಪಾದ್ರಿ ವಿಲಿಯಂ ಬೆಂಟ್ಲಿ ತನ್ನ ದಿನಚರಿಯಲ್ಲಿ ಗುರುತಿಸಿದ ಮದರಾಸಿನವನನ್ನು. ಟೋನಿ ಅವನಿಗಿಂತ 155 ವರ್ಷ ಹಿಂದಿನವನು. ಅದೇ 1790ರಲ್ಲಿ ಅಮೆರಿಕದ ಮೊದಲ ಜನಗಣತಿ ನಡೆಯಿತು. ಅದರಲ್ಲಿ ಜನರನ್ನು ಇಳಿಸಲು ಇದ್ದ ಕಲಮುಗಳು ಸ್ವತಂತ್ರ ಬಿಳಿಯ ಗಂಡಸರು, ಸ್ವತಂತ್ರ ಬಿಳಿಯ ಹೆಂಗಸರು, ಇತರ ಸ್ವತಂತ್ರರು, ಗುಲಾಮರು ಎಂದಷ್ಟೇ. ಸೆಂಬೋನ, ಮೂಟಾನ ಮೊಮ್ಮಕ್ಕಳಿದ್ದರೆ ಮೂರನೆಯ ಕಲಮಿಗೋ ನಾಲ್ಕನೆಯದಕ್ಕೋ ಇಳಿದಿರಬೇಕು. ಅಲ್ಲಿಂದ ಮುಂದೆ ಅವರ ವಂಶ ಕಪ್ಪು ಜನರ ವಂಶದೊಳಗೆ ಸೇರಿಹೋಯಿತು.

ಈಗ ರಕ್ತ, ಎಂಜಲಿನ ಪರೀಕ್ಷೆಯಿಂದ ಮೂಲ ಹೇಳುವ ವಿಜ್ಞಾನ ಬಂದಿದೆಯಲ್ಲ ಎಂದು ಅಕ್ಕನ ಮಗ ವಾದಿಸಿದ. ಬಂದಿದೆ, ನಿಜ. ಆದರೆ ಹತ್ತು ತಲೆಮಾರು ಹಿಂದೆ ಹೋದರೆ ಪ್ರತಿಯೊಬ್ಬರಿಗೂ 1024 ಅಜ್ಜ-ಅಜ್ಜಿಯರ ಸ್ಥಾನಗಳಿರುತ್ತವೆ. ಗಂಡಸಿನಿಂದ ಗಂಡಸಿಗೆ ಹರಿಯುವ ಗುರುತು ಅವರಲ್ಲಿ ಒಬ್ಬ ಅಜ್ಜನದು, ತಾಯಿಯಿಂದ ಮಕ್ಕಳಿಗೆ ಬರುವ ಗುರುತು ಒಬ್ಬ ಅಜ್ಜಿಯದು. ಮಿಕ್ಕ 1022 ಜನರಲ್ಲಿ ಎಷ್ಟೋ ಮಂದಿಯ ರಕ್ತದ ಕುರುಹೇ ಇಂದಿನವರಲ್ಲಿ ಉಳಿದಿರುವುದಿಲ್ಲ. ಉಳಿದರೂ ಅದು ದಿಕ್ಕು ಹೇಳೀತೇ ಹೊರತು ಊರು ಹೇಳುವುದಿಲ್ಲ.

ಇಷ್ಟಾಗಿ, ಎಂದೋ ಸತ್ತವರು ಎಲ್ಲಿಯವರಾದರೇನು ಎಂದು ಕೇಳಬಹುದು. ಇಂದಿನವರಿಗೆ ಇದು ಕುತೂಹಲ. ಅಂದಿನವರಿಗೆ ಜೀವನ್ಮರಣದ ಪ್ರಶ್ನೆಯಾಗಿತ್ತು. ತಾಯಿ ಗುಲಾಮಳಾದರೆ ಮಗು ಗುಲಾಮ, ತಾಯಿ ಸ್ವತಂತ್ರಳಾದರೆ ಮಗು ಸ್ವತಂತ್ರ ಎಂದು ವರ್ಜೀನಿಯಾದಲ್ಲಿ 1662ರಲ್ಲೇ ಕಾನೂನಾಗಿತ್ತು. ಆದ್ದರಿಂದ ತಾಯಿಯ ತಾಯಿಯ ತಾಯಿ ಯಾರು, ಹಡಗಿನಿಂದ ಇಳಿದಾಗ ಅವಳು ಗುಲಾಮಳೋ, ಕರಾರಿನ ಅವಧಿ ಮುಗಿದರೆ ಬಿಡುಗಡೆಯಾಗಬೇಕಾದ ಆಳೋ ಎಂಬುದರ ಮೇಲೆ ಒಂದು ಇಡೀ ಸಂತಾನದ ಬದುಕು ನಿಂತಿತ್ತು. ಆಫ್ರಿಕದವಳೆಂದು ಕಂಡರೆ ಗುಲಾಮಳೆಂದೇ ಊಹೆ. ಬೇರೆ ದೇಶದವಳೆಂದರೆ ಆ ಊಹೆ ಸಡಿಲವಾಗುತ್ತಿತ್ತು. 1806ರಲ್ಲಿ ವರ್ಜೀನಿಯಾದ ಮೇಲ್ಮನವಿ ನ್ಯಾಯಾಲಯ, ಮೂಲನಿವಾಸಿ ಹೆಣ್ಣಿನ ಸಂತತಿ ತಾವೆಂದು ಹೇಳಿಕೊಂಡ ರೈಟ್ ಎಂಬವರ ಮೊಕದ್ದಮೆಯಲ್ಲಿ ಇದನ್ನು ಬಿಡಿಸಿಯೇ ಹೇಳಿತು. ನ್ಯಾಯಾಧೀಶ ಸೇಂಟ್ ಜಾರ್ಜ್ ಟಕ್ಕರ್ ತೀರ್ಪಿನಲ್ಲಿ ಕೂದಲು ಗುಂಗುರೋ ನೇರವೋ ಎಂಬುದನ್ನೇ ಸಾಕ್ಷ್ಯವಾಗಿ ಚರ್ಚಿಸಿದ. ಉಚ್ಚ ನ್ಯಾಯಾಲಯದಲ್ಲಿ ಕುಳಿತು ಕೂದಲಿನ ಸುರುಳಿ ನೋಡುವ ಆ ದೃಶ್ಯ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೇರಿ ಡವ್ ಎಂಬವಳ ಕಥೆ ಪಕ್ಕದ ಮೇರಿಲ್ಯಾಂಡಿನದು. 1744ರಲ್ಲಿ ಅಲ್ಲಿ ಎಲಿಯೇಜರ್ ಬರ್ಕ್‌ಹೆಡ್ ಎಂಬವನು ಸತ್ತಾಗ ಅವನ ಆಸ್ತಿಯ ಯಾದಿಯಲ್ಲಿ ಇವಳು ಒಬ್ಬ ನೀಗ್ರೋ ಗುಲಾಮಳೆಂದು ದಾಖಲಾಗಿದ್ದಾಳೆ. ಅವನ ವಿಧವೆ ಲೆನರ್ಡ್ ಥಾಮಸ್ ಎಂಬವನನ್ನು ಮದುವೆಯಾದಳು. 1746ರಲ್ಲಿ ಮೇರಿ ಈ ಥಾಮಸನ ಮೇಲೆ ತನ್ನ ಬಿಡುಗಡೆಗಾಗಿ ದಾವೆ ಹೂಡಿದಳು. ಅಕ್ಷರ ಬಾರದ ಹೆಣ್ಣು ಒಡೆಯನ ಮೇಲೆ ದಾವೆ ಹೂಡುವುದೆಂದರೆ ಎಷ್ಟು ಎದೆಗಾರಿಕೆ ಬೇಕು! ಥಾಮಸ್ ತೀರ್ಪಿಗೆ ಕಾಯಲಿಲ್ಲ. ಅವಳನ್ನೂ ಮಕ್ಕಳು ಮೊಮ್ಮಕ್ಕಳನ್ನೂ ಎತ್ತಿಕೊಂಡು ದಕ್ಷಿಣದ ನಾರ್ತ್ ಕೆರೊಲಿನಾಕ್ಕೆ ವಲಸೆ ಹೋಗಿಬಿಟ್ಟ. ಅಲ್ಲಿ ಇವಳನ್ನು ಬಲ್ಲವರು ಯಾರು, ಸಾಕ್ಷಿ ಎಲ್ಲಿಂದ ಬರಬೇಕು? ಆದರೂ 1749ರ ಸೆಪ್ಟೆಂಬರಿನಲ್ಲಿ ವಿಲಿಯಂ ಸ್ಮಿತ್ ಎಂಬವನು ಅಲ್ಲಿನ ಕ್ರೇವನ್ ಕೌಂಟಿ ನ್ಯಾಯಾಲಯಕ್ಕೆ ಇವರ ಪರವಾಗಿ ದೂರು ಕೊಟ್ಟ. ಇವರು ಮೇರಿಲ್ಯಾಂಡಿನಲ್ಲಿ ಸ್ವತಂತ್ರರಾಗಿ ಹುಟ್ಟಿದವರು, ಬಲಾತ್ಕಾರವಾಗಿ ಗುಲಾಮರನ್ನಾಗಿ ಇಟ್ಟುಕೊಂಡಿದ್ದಾರೆ ಎಂದ. ದೂರು ಕೊಟ್ಟು ಸುಮ್ಮನಾಗದೆ ಮೇರಿಲ್ಯಾಂಡಿಗೆ ಹೋಗಿ ಪುರಾವೆ ತಂದ. 1756ರ ಹೊತ್ತಿಗೆ ಡವ್ ಕುಟುಂಬ ಗುಲಾಮಗಿರಿಯಿಂದ ಹೊರಬಂದಿತ್ತು.

ಎಲ್ಲರೂ ಅಲ್ಲ. ಮೇರಿಯ ಮೊಮ್ಮಗನೊಬ್ಬ, ವಿಲಿಯಂ ಡೌರಿ, ಮೇರಿಲ್ಯಾಂಡಿನಲ್ಲೇ ಉಳಿದುಹೋಗಿದ್ದ. ಬಂಧುಗಳು ಬಿಡುಗಡೆಯಾಗಿ 35 ವರ್ಷ ಕಳೆದ ಮೇಲೂ ಅವನು ಗುಲಾಮನೇ. 1791ರಲ್ಲಿ ಅವನು ಮೇರಿಲ್ಯಾಂಡಿನ ಉನ್ನತ ನ್ಯಾಯಾಲಯದಲ್ಲಿ ದಾವೆ ಹಾಕಿದ. ಆಗ ಸಾಕ್ಷಿ ಹೇಳಲು ಬಂದವಳು ಆ್ಯನ್ ರಿಡ್ಜ್‌ಲಿ ಎಂಬ ವಯಸ್ಸಾದ ಬಿಳಿಯ ಹೆಂಗಸು. ಹಿಂದೆ ಮೇರಿಯ ಅಜ್ಜಿಯನ್ನು ಆ ದೇಶಕ್ಕೆ ತರಿಸಿದ ಮನೆತನದವಳು. ಹೆಳವ ನನಗೆ ಹೇಳದೆ ಬಿಟ್ಟಿದ್ದ ಆ ಅಜ್ಜಿಯ ವಿಷಯವನ್ನು ಇಲ್ಲಿ ಒಡೆಯರ ಮನೆಯ ಮೊಮ್ಮಗಳು ಹೇಳಬೇಕಾಗಿ ಬಂತು. ಮೇರಿ ಎತ್ತರದ, ಸಪೂರ ಹೆಂಗಸು, ಕಂದು ಮೈಬಣ್ಣ ಎಂದಳು. ಮೇರಿಯ ಅಜ್ಜಿ ಹಳದಿ ಬಣ್ಣದವಳಂತೆ, ಅವಳಿಗೆ ಉದ್ದನೆಯ ಕಪ್ಪು ಕೂದಲಿತ್ತಂತೆ. ಅವಳು ಈಸ್ಟ್ ಇಂಡಿಯಾದವಳೋ ಮಡಗಾಸ್ಕರಿನವಳೋ ತನಗೆ ತಿಳಿಯದು, ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಮಲಗಾ ಮಾಲ್ ಎಂದು. ಮಲಗಾ ಎಂಬುದು ಸ್ಪೇನ್ ದೇಶದ ಒಂದು ಬಂದರು.